ಹಗುರವಾದ ಕೋವಿ ಯಾರಿಗೆ ಬೇಕು?

ಬೇಟೆಯ ಕೋವಿಗಳನ್ನು ವರ್ಣಿಸುವ ಬರಹಗಳಲ್ಲಿಯೂ ಜಾಹೀರಾತುಗಳಲ್ಲಿಯೂ ‘ಹಗುರ’ ಎಂಬ ಗುಣಕ್ಕೆ ಅಗ್ರಸ್ಥಾನ. ದಿನವಿಡೀ ಗುಡ್ಡ ಹತ್ತಿ ಇಳಿಯುವವನಿಗೆ ಹೆಗಲ ಮೇಲಿನ ಒಂದೊಂದು ಕಿಲೋಗ್ರಾಮೂ ಹೊರೆಯೇ. ಆದುದರಿಂದ ನಾಲ್ಕು ಕಿಲೋಗ್ರಾಂ ತೂಗುವ ರೈಫಲನ್ನು ಎರಡೂವರೆ ಕಿಲೋಗ್ರಾಮಿಗೆ ಇಳಿಸಿದರೆ ಅದೊಂದು ದೊಡ್ಡ ಸಾಧನೆಯೆಂದೇ ತೋರುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿಗಳಂತಹ ಗುಡ್ಡಗಳ ನಾಡಿನಲ್ಲಿ ಬೆಳೆದ ತರುಣರಿಗೆ ಈ ವಿಷಯದಲ್ಲಿ ಕುತೂಹಲ ಹುಟ್ಟುವುದು ಸಹಜ. ಕುತೂಹಲವೇನೂ ತಪ್ಪಲ್ಲ, ಕೋವಿಯು ಯಂತ್ರವಿಜ್ಞಾನದ ಒಂದು ಸೊಗಸಾದ ಪಾಠ. ಆದರೆ ಯಾವ ಕೋವಿಯನ್ನು ಆರಿಸಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಕೋವಿಯಲ್ಲಿದ್ದರೆ ಉಳಿದರ್ಧ ಅದನ್ನು ಹಿಡಿದು ನಿಲ್ಲುವ ನೆಲದಲ್ಲಿರುತ್ತದೆ. ಎರಡನ್ನೂ ವಿಚಾರಿಸಿ ನೋಡೋಣ.

ಮೊದಲು ಯಂತ್ರ. ಬೋಲ್ಟ್ ರೈಫಲಿನ ಹೆಸರೇ ಅದರ ಕೆಲಸವನ್ನು ಹೇಳುತ್ತದೆ. ಬಾಗಿಲ ಅಗುಳಿಯನ್ನು ಎತ್ತಿ ಎಳೆದು, ಮತ್ತೆ ತಳ್ಳಿ ಮಡಿಸುವಂತೆಯೇ ಇಲ್ಲಿಯ ಉಕ್ಕಿನ ಅಗುಳಿಯನ್ನೂ ಕೈಯಿಂದ ಆಡಿಸಬೇಕು. ಹಿಂದಕ್ಕೆ ಎಳೆದಾಗ ಸುಟ್ಟ ತೋಟಾದ ಚಿಪ್ಪು ಹೊರಬೀಳುತ್ತದೆ. ಮುಂದಕ್ಕೆ ತಳ್ಳಿದಾಗ ಹೊಸ ತೋಟಾ ನಳಿಗೆಯ ಬುಡವನ್ನು ಸೇರುತ್ತದೆ. ಹಿಡಿಕೆಯನ್ನು ಕೆಳಗೆ ತಿರುಗಿಸಿದಾಗ ಅಗುಳಿಯ ಉಬ್ಬುಗಳು ಕಚ್ಚಿಕೊಂಡು, ಉರಿದ ಮದ್ದಿನ ಅನಿಲದ ಒತ್ತಡವನ್ನು ತಡೆಯುತ್ತವೆ. ಜರ್ಮನಿಯ ಮೌಸರನ 1898ರ ಮಾದರಿಯನ್ನು ಇಂದಿನ ಬೇಟೆಕೋವಿಗಳಲ್ಲಿ ಅನೇಕವು ಅನುಸರಿಸಿವೆ. ಚಲಿಸುವ ಭಾಗಗಳು ಕಡಮೆಯಾದುದರಿಂದ ತೂಕ ಇಳಿಸುವುದೂ ಸುಲಭ. ನಳಿಗೆಯನ್ನು ತೆಳ್ಳಗೆ ಮಾಡಿ, ಮರದ ಹಿಡಿಯ ಬದಲು ನಾರು ಬೆರೆಸಿದ ಪ್ಲಾಸ್ಟಿಕ್ಕನ್ನು ಜೋಡಿಸಿದರೆ ಹೊರೆ ಬಹುಮಟ್ಟಿಗೆ ತಗ್ಗುತ್ತದೆ.

ಆದರೆ ಪ್ರಕೃತಿಯು ಯಾವುದನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ. ಹತ್ತು ಗ್ರಾಂ ತೂಕದ ಗುಂಡು ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಹೊರಡುತ್ತದೆಯೆಂದು ಇಟ್ಟುಕೊಳ್ಳೋಣ. ಅದರ ಸಂವೇಗ 8 ಮಾನ. ಅದರೊಡನೆ ಮೂರು ಗ್ರಾಂ ಮದ್ದು ಅನಿಲವಾಗಿ ಸೆಕೆಂಡಿಗೆ 1200 ಮೀಟರಿನಂತೆ ಹೊರನುಗ್ಗಿದರೆ ಅದರ ಸಂವೇಗ 3.6 ಮಾನ. ಒಟ್ಟು 11.6. ನ್ಯೂಟನ್ನನ ನಿಯಮದಂತೆ ಅಷ್ಟೇ ಸಂವೇಗ ಕೋವಿಗೂ ಹಿಮ್ಮುಖವಾಗಿ ಬರಬೇಕು. ನಾಲ್ಕು ಕಿಲೋಗ್ರಾಮಿನ ಕೋವಿ ಸೆಕೆಂಡಿಗೆ 2.9 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಆ ಒದೆತದ ಚಲನಶಕ್ತಿ ಸುಮಾರು 17 ಜೂಲ್. ಅದೇ ತೋಟಾವನ್ನು ಎರಡೂವರೆ ಕಿಲೋಗ್ರಾಮಿನ ಕೋವಿಯಲ್ಲಿಟ್ಟರೆ ವೇಗ 4.6 ಮೀಟರಿಗೂ, ಶಕ್ತಿ ಸುಮಾರು 27 ಜೂಲಿಗೂ ಏರುತ್ತದೆ. ಕಾಲಿಗೆ ಉಳಿಸಿದ ಶ್ರಮವನ್ನು ಭುಜವು ತೆರಬೇಕಾಯಿತು. ಒದೆತಕ್ಕೆ ಅಂಜಿದ ಭುಜವು ಕುದುರೆ ಎಳೆಯುವ ಕ್ಷಣಕ್ಕೆ ಮೊದಲೇ ಬೆಚ್ಚುತ್ತದೆ; ಗುರಿ ತಪ್ಪುತ್ತದೆ. ತೆಳು ನಳಿಗೆಯು ಎರಡು ಮೂರು ಈಡುಗಳಲ್ಲಿಯೇ ಕಾದು, ಗುಂಡು ಬೀಳುವ ಸ್ಥಾನ ಸರಿಯಬಹುದು. ಹಗುರವಾದ ವಸ್ತುವಿಗೆ ಜಡತ್ವವೂ ಕಡಮೆ. ಆದುದರಿಂದ ಏದುಸಿರು ಬಿಡುವವನ ಕೈಯ ನಡುಕವೆಲ್ಲವೂ ನಳಿಗೆಯ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ.

ಹಗುರವಾದ ಬೋಲ್ಟ್ ರೈಫಲು ನಿಜವಾಗಿ ಒಪ್ಪುವ ಸ್ಥಳವೊಂದು ನಮ್ಮ ಕಾಲೇಜುಗಳಿಗೆ ಸಮೀಪದಲ್ಲಿಯೇ ಉಂಟು. ಅದು ಎನ್.ಸಿ.ಸಿ.ಯ ಗುರಿ ಅಭ್ಯಾಸದ ಕಣ. ಅಲ್ಲಿ ಬಳಸುವ .22 ರೈಫಲು ಸುಮಾರು 2.8 ಕಿಲೋಗ್ರಾಂ ತೂಗುತ್ತದೆ. ಅದರ ಗುಂಡಿನ ತೂಕ ಮೂರು ಗ್ರಾಮಿಗೂ ಕಡಮೆಯಾದುದರಿಂದ ಒದೆತವು ಭುಜಕ್ಕೆ ತಿಳಿದೂ ತಿಳಿಯದಂತಿರುತ್ತದೆ. ಹಿಂದೆ ಮಣ್ಣಿನ ದಿಬ್ಬ, ಮುಂದೆ ಕಾಗದದ ಗುರಿ, ಪಕ್ಕದಲ್ಲಿ ಶಿಕ್ಷಕ. ಈ ಮೂರೂ ಇದ್ದಲ್ಲಿ ಕೋವಿಯಿಂದ ಕಲಿಯುವುದು ಬಹಳ ಉಂಟು.

ಇನ್ನು ನೆಲದ ವಿಚಾರ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಬೇಟೆಯ ದೃಶ್ಯಗಳನ್ನು ಕಾಣಬಹುದು. ಜಿಂಕೆಗಳ ಬೆನ್ನುಹತ್ತಿದ ಬೇಟೆಗಾರರು ಇಂದಿಗೂ ಅಲ್ಲಿ ಕಲ್ಲಾಗಿ ನಿಂತಿದ್ದಾರೆ. ಕೋವಿಯ ಪರಿಚಯವೂ ಈ ನಾಡಿಗೆ ಹಳೆಯದು. 1520ರಲ್ಲಿ ಕೃಷ್ಣದೇವರಾಯನು ರಾಯಚೂರಿಗೆ ಮುತ್ತಿಗೆ ಹಾಕಿದಾಗ ಕೋಟೆಯ ಮೇಲಿನ ಕಾವಲುಗಾರರನ್ನು ಪೋರ್ಚುಗೀಸ್ ಕೋವಿಗಾರರು ಗುರಿಯಿಟ್ಟು ಹೊಡೆದರೆಂದು ನೂನಿಜನ ವೃತ್ತಾಂತವು ತಿಳಿಸುತ್ತದೆ. ಆ ಕಾಲದ ಕೋವಿಯ ಗುಂಡು ಕೆಲವು ನೂರು ಮೀಟರಿನೊಳಗೆ ಬಲಗುಂದುತ್ತಿತ್ತು. ಇಂದಿನ ರೈಫಲಿನ ಗುಂಡು ನಳಿಗೆಯನ್ನು ಮೇಲೆತ್ತಿ ಹೊಡೆದರೆ ಮೂರು ನಾಲ್ಕು ಕಿಲೋಮೀಟರಿನಾಚೆ ಬೀಳಬಲ್ಲುದು. ಕಮಲಾಪುರಕ್ಕೂ ವಿರೂಪಾಕ್ಷ ದೇವಾಲಯಕ್ಕೂ ಇರುವ ಅಂತರ ಹೆಚ್ಚುಕಡಮೆ ಇಷ್ಟೇ!

ಇದಕ್ಕಿಂತಲೂ ಮುಖ್ಯವಾದ ಸಂಗತಿ ಇಲ್ಲಿಯ ಬಂಡೆಗಳು. ಮೆತ್ತನೆಯ ಮಣ್ಣು ಗುಂಡನ್ನು ನುಂಗುತ್ತದೆ; ಗ್ರಾನೈಟ್ ಬಂಡೆ ಹಾಗಲ್ಲ. ಓರೆಯಾಗಿ ತಾಗಿದ ಗುಂಡು ಪುಟಿದು ದಿಕ್ಕು ಬದಲಿಸುತ್ತದೆ. ನೇರವಾಗಿ ತಾಗಿದರೆ ಒಡೆದು ಚೂರುಚೂರಾಗಿ ಚಿಮ್ಮುತ್ತದೆ. ಹಂಪೆಯ ಸುತ್ತಿನಲ್ಲಿ ಒಂದು ಬಂಡೆಯ ಹಿಂದೆ ಕುರಿಗಾಹಿ, ಇನ್ನೊಂದರ ಹಿಂದೆ ಬಾಳೆಯ ತೋಟಕ್ಕೆ ನೀರು ಕಟ್ಟುವ ರೈತ, ಮತ್ತೊಂದರ ಹಿಂದೆ ದೂರದೇಶದ ಪ್ರವಾಸಿ ಇರಬಹುದು. ಗುಂಡು ಎಲ್ಲಿ ನಿಲ್ಲುವುದೆಂದು ಹೇಳಲಾಗದ ಕಡೆ ಕೋವಿಯನ್ನು ಎತ್ತಬಾರದೆಂಬುದು ಎಲ್ಲ ದೇಶಗಳ ಗುರಿಕಾರರ ಮೊದಲ ಪಾಠ. ಆ ಪಾಠದಂತೆ ನೋಡಿದರೆ ಈ ಬಂಡೆಗಳ ನಾಡಿನಲ್ಲಿ ರೈಫಲಿಗೆ ಅವಕಾಶವೇ ಅಲ್ಪ.

ಇನ್ನು ಇಲ್ಲಿ ಬೇಟೆಯಾಡಬೇಕಾದ ಪ್ರಾಣಿ ಯಾವುದು? ಸ್ಕಾಟ್ಲೆಂಡಿನಲ್ಲಿ ತೋಳಗಳು ಅಳಿದುಹೋದ ಮೇಲೆ ಕೆಂಜಿಂಕೆಗಳ ಸಂಖ್ಯೆ ಮಿತಿಮೀರಿ, ಅಲ್ಲಿಯ ಜನ ಕೋವಿಯಿಂದಲೇ ಅವನ್ನು ಹತೋಟಿಯಲ್ಲಿಡುತ್ತಾರೆ. ಹಗುರ ರೈಫಲಿನ ಪ್ರಶ್ನೆ ಅಂತಹ ಕಡೆಗೆ ಸೇರಿದುದು. ನಮ್ಮಲ್ಲಿ ಚಿರತೆ ಇನ್ನೂ ಉಳಿದಿದೆ. 1994ರಲ್ಲಿ ದರೋಜಿಯ ಕುರುಚಲು ಗುಡ್ಡಗಳು ಕರಡಿಧಾಮವಾದವು. ಗೆದ್ದಲನ್ನು ಗಾಳಿಯೊಡನೆ ಹೀರಿ ತಿನ್ನುವ, ಮರಿಯನ್ನು ಬೆನ್ನ ಮೇಲೆ ಹೊತ್ತು ತಿರುಗುವ ಕರಡಿಗೆ ಈ ಬಂಡೆಗಳ ಗವಿಗಳೇ ಮನೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರವು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1991ರ ತಿದ್ದುಪಡಿಯೂ ಸೇರಿ ವಿನೋದದ ಬೇಟೆಗೆ ಪರವಾನಗಿ ಕೊಡುವ ಕ್ರಮವನ್ನೇ ನಿಲ್ಲಿಸಿಬಿಟ್ಟವು. ಅದು ಯೋಗ್ಯವಾದ ಕೆಲಸವೆಂದೇ ನಮ್ಮ ಅಭಿಪ್ರಾಯ.

ಇಲ್ಲಿ ಕಂಪ್ಲಿಯ ಕಬ್ಬು ಬೆಳೆಗಾರನೊಬ್ಬನು ಎದ್ದುನಿಂತು, ‘ನಿಮ್ಮ ವಿಜ್ಞಾನವೆಲ್ಲ ಸರಿ, ರಾತ್ರಿ ಹಂದಿಯ ಹಿಂಡು ನುಗ್ಗಿ ಹೊಲವನ್ನು ಹಾಳುಗೆಡವಿದರೆ ನಾನೇನು ಮಾಡಲಿ?’ ಎಂದು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಪ್ರಾಣಿಗಳನ್ನು ಉಳಿಸುವ ಹೊಣೆ ನಾಡಿನದಾದರೆ ಅದರ ನಷ್ಟವನ್ನು ಗುಡ್ಡದಂಚಿನ ಬಡ ರೈತನೊಬ್ಬನ ಮೇಲೆ ಹೊರಿಸುವುದು ಧರ್ಮವಲ್ಲ. ಆದರೆ ರೈಫಲು ಅವನಿಗೂ ಉತ್ತರವಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯು ಬೆಳೆಯ ರಕ್ಷಣೆಗೆಂದು ಹೆಸರಿಸುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ದೂರಗಾಮಿಯಾದ ರೈಫಲನ್ನಲ್ಲ. ಕತ್ತಲಲ್ಲಿ, ಕಬ್ಬಿನ ಸಂದಿನಲ್ಲಿ, ಹಂದಿಯೋ ಕರಡಿಯೋ ನೆರೆಹೊಲದವನೋ ಎಂದು ತಿಳಿಯದೆ ಹಾರಿಸಿದ ಗುಂಡು ಬೆಳೆಗಿಂತ ಬೆಲೆಯುಳ್ಳದ್ದನ್ನು ತೆಗೆದುಕೊಳ್ಳಬಹುದು. ತಂತಿಯ ಉರುಳು ಹಂದಿಗೂ ಚಿರತೆಗೂ ಭೇದ ಮಾಡುವುದಿಲ್ಲ. ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸಿದರೆ ಮನುಷ್ಯನೂ ಸಾಯುತ್ತಾನೆ. ಸೌರಬೇಲಿ ಹಾಗಲ್ಲ, ಅದರಲ್ಲಿ ವೋಲ್ಟೇಜು ಸಾವಿರಗಟ್ಟಲೆಯಿದ್ದರೂ ಮಿಡಿತವು ಸೆಕೆಂಡಿನ ಅತ್ಯಲ್ಪ ಭಾಗ ಮಾತ್ರ ಇರುವುದರಿಂದ ಪ್ರಾಣಿಯು ಬೆದರುತ್ತದೆಯೇ ಹೊರತು ಸಾಯುವುದಿಲ್ಲ. ಇಂತಹ ಬೇಲಿಗೆ ಸಹಾಯಧನವೂ ಬೆಳೆನಷ್ಟಕ್ಕೆ ತಡವಿಲ್ಲದ ಪರಿಹಾರವೂ ರೈತನ ಹಕ್ಕಾಗಬೇಕು. ಬೇಟೆಯ ನಿಷೇಧವನ್ನು ಬೆಂಬಲಿಸುವವರೆಲ್ಲರೂ ಇದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

ಕರಡಿಯೋ ಚಿರತೆಯೋ ಊರೊಳಗೆ ಸಿಕ್ಕಿಬಿದ್ದಾಗ ಮಾತ್ರ ಒಂದು ಬಗೆಯ ಹಗುರ ಕೋವಿ ನಮಗೆ ನಿಜವಾಗಿ ಬೇಕು. ಅದು ಪಶುವೈದ್ಯನ ಅರಿವಳಿಕೆಯ ಕೋವಿ. ಒತ್ತಿಹಿಡಿದ ಅನಿಲದಿಂದ ಔಷಧದ ಸೂಜಿಯನ್ನು ಅದು ಚಿಮ್ಮಿಸುತ್ತದೆ. ಬೇಟೆಕೋವಿಯ ಹತ್ತು ಗ್ರಾಂ ಗುಂಡಿಗೆ 3200 ಜೂಲ್ ಶಕ್ತಿಯಿದ್ದರೆ, ಅಷ್ಟೇ ತೂಕದ ಸೂಜಿ ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೋದಾಗ ಅದರ ಶಕ್ತಿ 18 ಜೂಲ್ ಮಾತ್ರ. ಸೂತ್ರ ಅದೇ, ಕೊಲ್ಲುವ ಉದ್ದೇಶ ಬದಲಾಗಿ ಕಾಯುವ ಉದ್ದೇಶ ಬಂದಿದೆ.

ಹೀಗೆ ಉದ್ದೇಶ ಬದಲಾದುದಕ್ಕೆ ಸಂಡೂರಿನಲ್ಲಿಯೇ ಒಂದು ನಿದರ್ಶನವುಂಟು. ಸಂಡೂರು ಸಂಸ್ಥಾನದ ರಾಜಮನೆತನದಲ್ಲಿ 1931ರಲ್ಲಿ ಜನಿಸಿ, 1972ರಿಂದ 1977ರವರೆಗೆ ರಾಜ್ಯದ ಅರ್ಥಮಂತ್ರಿಗಳಾಗಿದ್ದ ಎಂ. ವೈ. ಘೋರ್ಪಡೆಯವರು ಕಾಡಿಗೆ ಕೊಂಡೊಯ್ದುದು ಕ್ಯಾಮೆರಾವನ್ನು. ವನ್ಯಜೀವಿಗಳ ಛಾಯಾಗ್ರಾಹಕರಾಗಿ ಅವರು ಹೆಸರು ಗಳಿಸಿದರು. ಗಾಳಿಯ ದಿಕ್ಕನ್ನು ಅರಿಯುವುದು, ಉಸಿರನ್ನು ತಡೆದು ನಿಲ್ಲುವುದು, ಪ್ರಾಣಿಯ ಹಾದಿಯನ್ನು ಓದುವುದು, ಸರಿಯಾದ ಕ್ಷಣಕ್ಕೆ ಕಾಯುವುದು, ಬೇಟೆಗಾರನ ಈ ವಿದ್ಯೆಗಳೆಲ್ಲವೂ ಛಾಯಾಗ್ರಾಹಕನಿಗೂ ಬೇಕು. ಒಂದು ವ್ಯತ್ಯಾಸವೆಂದರೆ, ಅವನು ಹಿಂದಿರುಗಿದ ಮೇಲೂ ಕರಡಿಯು ಗುಡ್ಡದ ಮೇಲೆ ಇರುತ್ತದೆ.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಸೂಚನೆ ಇಷ್ಟು: ಕೋವಿಯ ವಿಜ್ಞಾನವನ್ನು ತಪ್ಪದೆ ಕಲಿಯಿರಿ; ಒದೆತದ ಲೆಕ್ಕವನ್ನು ನೀವೇ ಮಾಡಿ ನೋಡಿರಿ; ಅವಕಾಶವಿದ್ದರೆ ಅಭ್ಯಾಸದ ಕಣದಲ್ಲಿ ಗುರಿಯನ್ನೂ ಸಾಧಿಸಿರಿ. ದರೋಜಿಯ ಗುಡ್ಡಕ್ಕೆ ಹೊರಟಾಗ ಮಾತ್ರ ದುರ್ಬೀನೊಂದನ್ನು ಕೊರಳಿಗೆ ಹಾಕಿಕೊಂಡು ಹೋಗಿರಿ. ಯಾವ ಕೋವಿಗಿಂತಲೂ ಅದು ಹಗುರ. ಅದಕ್ಕೆ ಒದೆತವೂ ಇಲ್ಲ.