ಸಾಣೆಯೊಂದರಿಂದಲೇ ಅಂಚು ನಯವಾಗದು

ಮೆಗ್ನೀಸಿಯಂ ಶೀಟನ್ನು ಕತ್ತರಿಸುವಾಗ ಅಂಚು ಬಿರಿದರೆ ಬ್ಲೇಡಿಗೆ ಸಾಣೆ ಹಿಡಿದರೆ ಸಾಕು, ಉಳಿದ ಒರಟನ್ನು ಗ್ರೈಂಡರ್ ತೆಗೆಯುತ್ತದೆ ಎನ್ನುತ್ತದೆ ಕಳೆದ ಸಂಚಿಕೆಯ ಲೇಖನ. ಹರಿತ ಬೇಕು, ನಿಜ. ಆದರೆ ಎಝಡ್31ರಂಥ ಮೆಗ್ನೀಸಿಯಂ ಮಿಶ್ರಲೋಹದ ಷಟ್ಕೋನ ಹರಳುಗಳಿಗೆ ಕೋಣೆಯ ತಾಪದಲ್ಲಿ ಜಾರುವ ದಾರಿಗಳೇ ಕಡಿಮೆ. ಲೋಹ ಹಿಗ್ಗುವ ಮೊದಲೇ ಸೀಳುತ್ತದೆ. ಸುಮಾರು 200ರಿಂದ 250 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹೊಸ ದಾರಿಗಳು ತೆರೆಯುತ್ತವೆ. ಠಾಣೆಯ ವಾಗ್ಳೆ ಎಸ್ಟೇಟಿನ ಶಾಪ್‌ಗಳಲ್ಲಿ ಮೈಲ್ಡ್ ಸ್ಟೀಲ್‌ಗೆ ಹೊಂದಿಸಿದ, ಬ್ಲೇಡುಗಳ ನಡುವಿನ ಗ್ಯಾಪನ್ನು ಹಾಗೇ ಬಿಟ್ಟರೆ ಹೊಸ ಬ್ಲೇಡೂ ಸೋಲುತ್ತದೆ. ಆ ಗ್ಯಾಪು ಶೀಟಿನ ದಪ್ಪದ ಶೇ. 5ರ ಆಸುಪಾಸಿಗೆ ಇಳಿಯಬೇಕು.

ಗ್ರೈಂಡರಿನ ಸಲಹೆಯಂತೂ ಅಪಾಯಕಾರಿ. ಉಜ್ಜಿದಾಗ ಉದುರುವ ಮೆಗ್ನೀಸಿಯಂ ಪುಡಿ ಹೊತ್ತಿಕೊಂಡಾಗ ನೀರು ಸುರಿದರೆ ಹೈಡ್ರೋಜನ್ ಹುಟ್ಟಿ ಬೆಂಕಿ ಭುಗಿಲೇಳುತ್ತದೆ. ಒಣ ಮರಳು ಇಲ್ಲವೇ ಡಿ ವರ್ಗದ ಅಗ್ನಿಶಾಮಕ ಕೈಗೆಟಕುವಂತಿರಬೇಕು. ಕಾರ್ಮಿಕರ ಜೀವದ ಈ ಮಾತನ್ನು ಲೇಖಕರು ಬಿಡಬಾರದಿತ್ತು.