ಲಿಂಫೋಮಾ ಗೆದ್ದವರ ಹೃದಯ ನೋಡುವವರು ಯಾರು?

ದುಗ್ಧಗ್ರಂಥಿಗಳ ಕ್ಯಾನ್ಸರ್ ಆದ ಲಿಂಫೋಮಾ ಇಂದು ಗುಣವಾಗಬಲ್ಲ ಕಾಯಿಲೆಗಳ ಸಾಲಿಗೆ ಸೇರಿದೆ. ಹಾಡ್ಜ್‌ಕಿನ್ ಬಗೆಯಲ್ಲಂತೂ ಸಕಾಲಕ್ಕೆ ಸರಿಯಾದ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಎಂಟು ಮಂದಿ ಚೇತರಿಸಿಕೊಳ್ಳುತ್ತಾರೆ. ಅವರಲ್ಲಿ ಅನೇಕರು ಇಪ್ಪತ್ತು, ಮೂವತ್ತರ ಹರೆಯದವರು. ನಾಲ್ಕೈದು ದಶಕಗಳ ಬದುಕು ಅವರ ಮುಂದಿರುತ್ತದೆ. ನಮ್ಮ ವ್ಯವಸ್ಥೆಯ ಲೆಕ್ಕ ಮಾತ್ರ ಕೊನೆಯ ಕಿಮೋಗೇ ಚುಕ್ತಾ ಆಗುತ್ತದೆ. ಆಯುಷ್ಮಾನ್ ಭಾರತ್ ಪ್ಯಾಕೇಜು ಡಿಸ್ಚಾರ್ಜ್ ಆದ ನಂತರದ 15 ದಿನಗಳ ವೆಚ್ಚವನ್ನಷ್ಟೇ ಭರಿಸುತ್ತದೆ. ಆಮೇಲೆ ಉಳಿಯುವುದು ಸ್ಕ್ಯಾನ್ ಒಂದೇ ನಿಗಾ ಎಂಬ ನಂಬಿಕೆ. ನಿಗಾದ ಗುರಿಯೇ ಬದಲಾಗಬೇಕಿದೆ: ಗಡ್ಡೆಯ ಬೆನ್ನು ಹತ್ತುವಷ್ಟೇ ಆಸ್ಥೆಯಿಂದ ಚಿಕಿತ್ಸೆ ಉಳಿಸಿಹೋದ ಹಾನಿಯನ್ನೂ ಹುಡುಕಬೇಕು, ಅದೂ ರೋಗಿಯ ಊರಿನ ಹತ್ತಿರದಲ್ಲೇ.

ಸ್ಕ್ಯಾನ್ ಬಿಟ್ಟರೆ ರೋಗ ಮರುಕಳಿಸಿದ್ದು ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಏಳುವುದು ಸಹಜ. ಪೂರ್ಣ ಗುಣ ಕಂಡು, ಯಾವ ಲಕ್ಷಣವೂ ಇಲ್ಲದ ಹಾಡ್ಜ್‌ಕಿನ್ ಮತ್ತು ಆಕ್ರಮಣಕಾರಿ ಲಿಂಫೋಮಾ ರೋಗಿಗಳಿಗೆ ವಾಡಿಕೆಯ ಸ್ಕ್ಯಾನ್ ಬೇಡವೆಂದು ಲಿಂಫೋಮಾ ತಜ್ಞರ 2014ರ ಲುಗಾನೊ ಶಿಫಾರಸು ಹೇಳಿದೆ. ಮರುಕಳಿಸಿದ ಪ್ರಕರಣಗಳಲ್ಲಿ ಹೆಚ್ಚಿನವು ಮೊದಲು ಕಾಣಿಸುವುದು ರೋಗಿಗೇ: ಕುತ್ತಿಗೆ, ಕಂಕುಳಲ್ಲಿ ಗಡ್ಡೆ, ಬಿಡದ ಜ್ವರ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು, ಕಾರಣವಿಲ್ಲದೆ ಇಳಿಯುವ ತೂಕ. ಕ್ಷಯ ವ್ಯಾಪಕವಾಗಿರುವ ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಕ್ಷಯ ತಗುಲಿದ ಗ್ರಂಥಿಯೂ ಪೆಟ್ ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುತ್ತದೆ; ಅಲ್ಲಿಂದ ಬಯಾಪ್ಸಿ, ಸಾಲ, ನಿದ್ದೆಗೇಡು. ನಿಧಾನವಾಗಿ ಬೆಳೆಯುವ ಫಾಲಿಕ್ಯುಲರ್ ಬಗೆ ಹಲವು ವರ್ಷಗಳ ನಂತರವೂ ಮರಳಬಹುದಾದ್ದರಿಂದ ಅಂಥವರು ವೈದ್ಯರ ಭೇಟಿಯನ್ನು ನಿಲ್ಲಿಸುವಂತಿಲ್ಲ. ಅಲ್ಲಿಯೂ ಮುಖ್ಯವಾದದ್ದು ಭೇಟಿ ಮತ್ತು ಕೈಯಿಂದ ಮುಟ್ಟಿ ನೋಡುವ ಪರೀಕ್ಷೆ.

ಚಿಕಿತ್ಸೆಯ ಹಾನಿ ಮಾತ್ರ ಸದ್ದಿಲ್ಲದೆ ಬರುತ್ತದೆ. ಲಿಂಫೋಮಾದ ಎರಡು ಮುಖ್ಯ ಕಿಮೋ ಕ್ರಮಗಳಾದ ಎಬಿವಿಡಿ ಮತ್ತು ಆರ್-ಚಾಪ್ ಎರಡರಲ್ಲೂ ಡಾಕ್ಸೊರುಬಿಸಿನ್ ಎಂಬ ಔಷಧಿ ಇದೆ. ಒಂದು ಸುತ್ತಿಗೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 50 ಮಿಲಿಗ್ರಾಂ. ಆರು ಸುತ್ತಿಗೆ 300. ಹೃದಯಕ್ಕೆ ಅಪಾಯ ಹೆಚ್ಚೆಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘದ ಮಾರ್ಗಸೂಚಿ ಗುರುತಿಸಿರುವ ಗೆರೆ 250. ಅಂದರೆ ಪೂರ್ಣ ಪ್ರಮಾಣದಲ್ಲಿ ಆರೂ ಸುತ್ತು ಮುಗಿಸಿದ ಪ್ರತಿಯೊಬ್ಬರೂ ಆ ಗೆರೆ ದಾಟಿದವರೇ. ಎದೆ, ಕುತ್ತಿಗೆಗೆ ವಿಕಿರಣ ಬಿದ್ದಿದ್ದರೆ ಥೈರಾಯ್ಡ್ ಕುಗ್ಗಬಹುದು, ಹೃದಯದ ರಕ್ತನಾಳ ಬೇಗ ಕಟ್ಟಿಕೊಳ್ಳಬಹುದು. ಎದೆಗೆ ವಿಕಿರಣ ಪಡೆದ ಯುವತಿಯರು ಸ್ತನ ತಪಾಸಣೆಗೆ ನಲವತ್ತು ತುಂಬುವವರೆಗೆ ಕಾಯಬಾರದು; ವಿಕಿರಣ ಮುಗಿದ ಎಂಟು-ಹತ್ತು ವರ್ಷಗಳಲ್ಲೇ ಆರಂಭಿಸಬೇಕು. ಎಬಿವಿಡಿಯ ಇನ್ನೊಂದು ಔಷಧಿಯಾದ ಬ್ಲಿಯೋಮೈಸಿನ್ ಪಡೆದವರು ಮುಂದೆ ಯಾವ ಶಸ್ತ್ರಚಿಕಿತ್ಸೆಗೆ ಹೋದರೂ ಅರಿವಳಿಕೆ ತಜ್ಞರಿಗೆ ಆ ವಿಷಯ ತಿಳಿಸಬೇಕು.

ಆರೋಗ್ಯಕರ ಜೀವನದ ಮಾತಿಗೂ ಈ ಹಾನಿಯೇ ಆಧಾರ. ಔಷಧಿಯಿಂದ ದಣಿದ ಹೃದಯದ ಮೇಲೆ ಬಿಪಿ, ಶುಗರ್, ಬೀಡಿ-ಸಿಗರೇಟು ಹೇರುವ ಭಾರ ಇಮ್ಮಡಿಯಾಗುತ್ತದೆ. ಎದೆಗೆ ವಿಕಿರಣ ಪಡೆದವರಲ್ಲಿ ಧೂಮಪಾನ ಶ್ವಾಸಕೋಶದ ಕ್ಯಾನ್ಸರ್ ಅಪಾಯವನ್ನು ಹಲವು ಪಟ್ಟು ಏರಿಸುತ್ತದೆ. ಆದರೆ ಮನೆಗಳಲ್ಲಿ ನಡೆಯುವುದು ಬೇರೆಯೇ ಪಥ್ಯ. ಮೊಸರು, ಮೊಟ್ಟೆ ಬಿಡಿಸುತ್ತಾರೆ, ಬೇರು-ಸೊಪ್ಪಿನ ಪುಡಿ ಕುಡಿಸುತ್ತಾರೆ, ಅಂಗಳ ದಾಟಲು ಬಿಡುವುದಿಲ್ಲ. ಲಿಂಫೋಮಾ ಮರಳದಂತೆ ತಡೆಯುವ ಆಹಾರ ಇದೆಯೆಂದು ಯಾವ ಅಧ್ಯಯನವೂ ಸಾಬೀತು ಮಾಡಿಲ್ಲ. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆ, ಎಂದಿನ ಮುದ್ದೆ-ಸಾರು, ತಂಬಾಕಿಗೆ ವಿದಾಯ, ವರ್ಷಕ್ಕೊಮ್ಮೆ ಫ್ಲೂ ಲಸಿಕೆ: ಉಪಯೋಗವಿರುವುದು ಇವುಗಳಲ್ಲಿ.

ಈ ನಿಗಾ ಊರಿನ ಹತ್ತಿರವೇ ನಡೆಯಬೇಕೆಂದರೆ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಕ್ಯಾನ್ಸರ್ ಗೊತ್ತೇ ಎಂದು ಕೇಳಬಹುದು. ವರ್ಷಕ್ಕೊಮ್ಮೆ ಥೈರಾಯ್ಡಿನ ಟಿಎಸ್‌ಎಚ್, ಬಿಪಿ, ಶುಗರ್ ನೋಡಿ, ಅಗತ್ಯಬಿದ್ದರೆ ಹೃದಯದ ಎಕೋಗೆ ಜಿಲ್ಲಾಸ್ಪತ್ರೆಗೆ ಕಳಿಸಲು ಕ್ಯಾನ್ಸರ್ ತಜ್ಞರೇ ಆಗಬೇಕಿಲ್ಲ. ರೋಗಿ ಏನು ಪಡೆದಿದ್ದಾನೆಂದು ತಿಳಿದಿದ್ದರೆ ಸಾಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಆರು ಸುತ್ತು ಕೊಡಲಾಗಿದೆ’ ಎಂಬ ಸಾಲಿನಿಂದ ಅದು ತಿಳಿಯದು. ಔಷಧಿಯ ಹೆಸರು, ಒಟ್ಟು ಪ್ರಮಾಣ, ವಿಕಿರಣ ಬಿದ್ದ ಜಾಗ, ಯಾವ ವರ್ಷ ಯಾವ ಪರೀಕ್ಷೆ ಎಂಬುದು ಕನ್ನಡದ ಒಂದೇ ಹಾಳೆಯಲ್ಲಿ ಇರಬೇಕು. ಕಾಗದ ಕೊಟ್ಟ ಮಾತ್ರಕ್ಕೆ ಆರೋಗ್ಯ ಸುಧಾರಿಸದೆಂದು ವಿದೇಶದ ಅನುಭವ ತೋರಿಸಿರುವುದೂ ನಿಜ. ಅದಕ್ಕೇ ಆ ಹಾಳೆಯ ಒಂದು ಪ್ರತಿ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು, ಅದು ತಲುಪುವವರೆಗೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಸರ್ಕಾರ ಕೊನೆಯ ಕಂತು ಬಿಡುಗಡೆ ಮಾಡಬಾರದು. ಲಕ್ಷಗಟ್ಟಲೆ ಸುರಿದು ಉಳಿಸಿಕೊಂಡ ಜೀವವನ್ನು ಒಂದು ಹಾಳೆಯ ಕೊರತೆಯಿಂದ ಹೃದಯಾಘಾತಕ್ಕೆ ಒಪ್ಪಿಸುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.