ಮಕ್ಕಳಿಗೂ ವರದಿ ಬೇಕು

ಕನ್ನಡ ಪತ್ರಕರ್ತರ ಮೇಲೆ ನನ್ನದೊಂದು ದೂರಿದೆ. ಅವರು ದಿನವೂ ಬರೆಯುತ್ತಾರೆ, ಅಂಕಣಗಳನ್ನು ಒಟ್ಟು ಮಾಡಿ ಪುಸ್ತಕವನ್ನೂ ತರುತ್ತಾರೆ. ಆದರೆ ಹದಿಮೂರು ಹದಿನಾಲ್ಕರ ಹುಡುಗ ಹುಡುಗಿಯರಿಗೆಂದೇ, ತಾವು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಆದ್ಯಂತವಾಗಿ ತಿಳಿಸಿ ಪುಸ್ತಕ ಬರೆಯುವವರು ಬೆರಳೆಣಿಕೆಯ ಮಂದಿ. ಇದರಿಂದಾಗುವ ನಷ್ಟ, ಸರೋಜಿನಿ ನಗರದಂಥ ಸರ್ಕಾರಿ ವಸತಿಗಳಲ್ಲಿ ಮಕ್ಕಳನ್ನು ಬೆಳೆಸುವ ನಮ್ಮಂಥ ಗುಮಾಸ್ತರಿಗೆ ಬೇಗ ಅರಿವಾಗುತ್ತದೆ.

ಇಲ್ಲಿನ ಮಕ್ಕಳಿಗೆ ನಾವು ಕನ್ನಡದಲ್ಲಿ ಕೊಡುವುದೇನು? ತೆನಾಲಿ ರಾಮ, ಪಂಚತಂತ್ರ, ಮಹಾಪುರುಷರ ಪುಟ್ಟ ಚರಿತ್ರೆ. ಬೇಡವೆನ್ನುವುದಿಲ್ಲ. ಆದರೆ ಅಣೆಕಟ್ಟಿನ ಗೇಟು ಏಕೆ ಮುರಿಯಿತು, ಚಿನ್ನದ ಗಣಿ ಏಕೆ ಮುಚ್ಚಿತು ಎಂದು ಮಗು ಕೇಳಿದರೆ ನಮ್ಮ ಕೈ ಇಂಗ್ಲಿಷ್ ಪುಸ್ತಕದ ಕಡೆಗೇ ಹೋಗುತ್ತದೆ. ಕಥೆಗೆ ಕನ್ನಡ, ತಿಳಿವಳಿಕೆಗೆ ಇಂಗ್ಲಿಷ್ ಎಂಬ ಪಾಠವನ್ನು ಮಗು ಹೀಗೆ ಚಿಕ್ಕಂದಿನಲ್ಲೇ ಕಲಿತುಬಿಡುತ್ತದೆ. ಆಮೇಲೆ ರಾಜ್ಯೋತ್ಸವದಲ್ಲಿ ಎಷ್ಟು ಬಾವುಟ ಹಾರಿಸಿದರೇನು?

ನಮಗೆ ಮೇಲ್ಪಂಕ್ತಿಯಿಲ್ಲವೆಂದು ಯಾರೂ ಹೇಳಬಾರದು. ಯೌವನದಲ್ಲಿ 'ವಸಂತ' ಪತ್ರಿಕೆ ನಡೆಸಿದ್ದ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದರು. 'ಪ್ರಜಾವಾಣಿ', 'ಸುಧಾ' ಬಳಗದ ನಾಗೇಶ ಹೆಗಡೆಯವರು 'ಇರುವುದೊಂದೇ ಭೂಮಿ'ಯಂಥ ಕೃತಿಗಳಿಂದ ಪರಿಸರ ವಿಜ್ಞಾನವನ್ನು ಸಾಮಾನ್ಯ ಓದುಗನ ಮನೆಗೆ ತಲುಪಿಸಿದರು. ಇದೇ ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ತಮ್ಮ ವಾರಪತ್ರಿಕೆ ನಡೆಸುತ್ತಲೇ 1957ರಲ್ಲಿ ಚಿಲ್ಡ್ರನ್ಸ್ ಬುಕ್ ಟ್ರಸ್ಟ್ ಕಟ್ಟಿದರು. ಅಮೆರಿಕದ ಪತ್ರಕರ್ತ ಎರಿಕ್ ಶ್ಲೋಸರ್ 2001ರಲ್ಲಿ ಫಾಸ್ಟ್ ಫುಡ್ ಉದ್ಯಮದ ಒಳಗುಟ್ಟನ್ನು ದೊಡ್ಡವರಿಗೆ ಬರೆದು, 2006ರಲ್ಲಿ ಅದೇ ವಿಷಯವನ್ನು ಚಾರ್ಲ್ಸ್ ವಿಲ್ಸನ್ ಜೊತೆಗೂಡಿ ಮಕ್ಕಳಿಗಾಗಿ ಬೇರೆಯಾಗಿಯೇ ಬರೆದರು.

ಅಂಕಣ ಸಂಕಲನ ಸಾಲದೆ ಎನ್ನುವವರಿದ್ದಾರೆ. ಸಾಲದು. ಅಂಕಣ ನಿನ್ನೆಯ ಪತ್ರಿಕೆ ಓದಿದವನಿಗಾಗಿ ಬರೆದದ್ದು. ಇಸವಿಯಿಲ್ಲ, ನಕ್ಷೆಯಿಲ್ಲ, ಯಾವ ಮಂತ್ರಿ, ಯಾವ ಊರು ಎಂಬ ವಿವರಣೆಯಿಲ್ಲ. ಹತ್ತು ವರ್ಷದ ಮೇಲೆ ಅದು ಹಿನ್ನೆಲೆ ಕಾಗದಗಳಿಲ್ಲದ ಕಡತದಂತೆ. ಯಾರಿಗೂ ತಲೆಬುಡ ತಿಳಿಯದು.

'ಮಕ್ಕಳು ಓದುವುದಿಲ್ಲ' ಎಂಬುದು ಇನ್ನೊಂದು ನೆಪ. ಬಡಿಸದೆ ಹಸಿವಿಲ್ಲವೆಂದು ತೀರ್ಮಾನಿಸುವುದು ಯಾವ ನ್ಯಾಯ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಧುಮ್ಮಿಕ್ಕುವ ನೀರಿನ ನಡುವೆಯೇ ತಾತ್ಕಾಲಿಕ ತಡೆ ಕೂರಿಸಿದರು. ಇದಕ್ಕಿಂತ ರೋಚಕವಾದ ಪತ್ತೇದಾರಿ ಕಥೆ ಬೇಕೆ? ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿ, 2001ರಲ್ಲಿ ಮುಚ್ಚಿತು. ಕುದುರೆಮುಖದ ಕಬ್ಬಿಣದ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ದೂರವೇಕೆ, ಸರೋಜಿನಿ ನಗರವೂ ಸೇರಿದಂತೆ ಏಳು ಸರ್ಕಾರಿ ಕಾಲೊನಿಗಳ ಪುನರ್‌ನಿರ್ಮಾಣಕ್ಕೆ ಸಾವಿರಾರು ಮರ ಕಡಿಯಲು ಹೊರಟಾಗ ಜನ ಬೀದಿಗಿಳಿದರು. 2018ರ ಜೂನ್‌ನಲ್ಲಿ ದೆಹಲಿ ಹೈಕೋರ್ಟು ಕೊಡಲಿಯನ್ನು ತಡೆಯಿತು. ನೌಕರನಿಗೆ ಮನೆ ಬೇಕು, ಊರಿಗೆ ನೆರಳೂ ಬೇಕು. ಈ ಎರಡು ನ್ಯಾಯಗಳ ಜಗಳವನ್ನು ಹದಿನಾಲ್ಕರ ಮಗುವಿಗೆ ತಿಳಿಸಿದರೆ ಅದು ನಾಗರಿಕನಾಗಲು ಕಲಿಯುತ್ತದೆ.

ಪತ್ರಕರ್ತನೇ ಏಕೆ ಬರೆಯಬೇಕು? ಸ್ಥಳಕ್ಕೆ ಹೋಗುವುದು, ಇಬ್ಬರನ್ನೂ ಕೇಳುವುದು, ತಾಳೆ ನೋಡುವುದು ಅವನ ಕಸುಬು. ಪಠ್ಯಪುಸ್ತಕ ಉತ್ತರ ಕೊಡುತ್ತದೆ. ಉತ್ತರ ಹುಡುಕುವ ಬಗೆಯನ್ನು ವರದಿಗಾರ ತೋರಿಸಬಲ್ಲ. ಮೊಬೈಲಿನಲ್ಲಿ ಬಂದದ್ದೆಲ್ಲ ನಿಜವೆಂದು ನಂಬುವ ಈ ಕಾಲದಲ್ಲಿ ಮಕ್ಕಳಿಗೆ ಬೇಕಾದ ವಿದ್ಯೆ ಅದು.

ಕೊನೆಗೆ ನಮ್ಮ ಸಂಘಕ್ಕೂ ಒಂದು ಮಾತು. ಊರಿನಿಂದ ಹೆಸರಾಂತ ಪತ್ರಕರ್ತರು ಬಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತೇವೆ. ಇನ್ನು ಮುಂದೆ ವೇದಿಕೆಯ ಮೇಲೆಯೇ ಒಂದು ಬೇಡಿಕೆ ಇಡೋಣ: ಒಂದು ವಿಷಯ, ನೂರು ಪುಟ, ಒಂದು ನಕ್ಷೆ, ಮಕ್ಕಳಿಗೆ ತಿಳಿಯುವ ಕನ್ನಡ. ಬರೆದುಕೊಟ್ಟರೆ ಮೊದಲ ನೂರು ಪ್ರತಿ ನಾವು ಸದಸ್ಯರೇ ಕೊಳ್ಳೋಣ. ಶಾಲಿಗೆ ಆಗುವ ಖರ್ಚಿಗಿಂತ ಅದು ಹೆಚ್ಚೇನೂ ಆಗಲಾರದು.